ಗಾಳಿ ನಿಂತಾಗಲೂ ತೇಲಬೇಕಾದ ಸೀಟು

ಹಾಯಿ ಕಟ್ಟಿದ ಸಣ್ಣ ಕಯಾಕಿಗೆ (ಹುಟ್ಟು ಹಾಕಿ ನಡೆಸುವ ಕಿರಿದಾದ ದೋಣಿ) ಎರಡೂ ಬದಿ ಔಟ್‌ರಿಗರ್ ಹಾಕಿದ ಮೇಲೆ, ಅಂದರೆ ಅಡ್ಡ ಪೈಪುಗಳ ತುದಿಗೆ ತೇಲುವ ಫ್ಲೋಟು ಕಟ್ಟಿದ ಮೇಲೆ, ದೋಣಿ ಸುಲಭಕ್ಕೆ ಮಗುಚುವುದಿಲ್ಲ. ಹಾಗಿದ್ದರೆ ಕಯಾಕಿನ ಹೊರಗೆ, ಆ ಅಡ್ಡ ಪೈಪುಗಳ ಮೇಲೆ ಹೋಗಿ ಕೂಡ್ರಲು ಇನ್ನೊಂದು ಸೀಟು ಯಾಕೆ? ಈ ಪ್ರಶ್ನೆಗೆ ಉತ್ತರ ಸಿಗದೆ ಕೆಲಸ ಶುರುಮಾಡಿದರೆ ಅಳತೆಗಳೆಲ್ಲ ತಪ್ಪುತ್ತವೆ. ಹಾಗಾಗಿ ಇಲ್ಲಿಂದಲೇ ಆರಂಭಿಸೋಣ.

ಆಲಮಟ್ಟಿ ಹಿನ್ನೀರಿನ ಮೇಲೆ ಪಡುವಣ ಗಾಳಿ ಬೀಸುತ್ತಿದೆ ಅಂದುಕೊಳ್ಳಿ. ನೀವು ಕಯಾಕಿನ ನಡುವೆ ಕೂತಿದ್ದೀರಿ. ಗಾಳಿ ಹಾಯಿಯನ್ನು ಒತ್ತುತ್ತದೆ, ದೋಣಿ ಆಚೆ ಬದಿಗೆ ವಾಲುತ್ತದೆ, ಆ ಬದಿಯ ಫ್ಲೋಟ್ ನೀರಿನೊಳಗೆ ಇಳಿಯುತ್ತದೆ. ಫ್ಲೋಟ್ ಹಿಡಿದು ನಿಲ್ಲಿಸುತ್ತದೆ, ನಿಜ. ಆದರೆ ಮುಳುಗಿದ ಫ್ಲೋಟ್ ಅಂದರೆ ನೀರಿನಲ್ಲಿ ಎಳೆದುಕೊಂಡು ಹೋಗುವ ಇನ್ನೊಂದು ದೋಣಿ. ವೇಗ ಬೀಳುತ್ತದೆ, ದೋಣಿಯ ಮೂತಿ ಆ ಬದಿಗೆ ತಿರುಗಲು ನೋಡುತ್ತದೆ, ಚುಕ್ಕಾಣಿಯನ್ನು ಸದಾ ಒಂದು ಕಡೆ ಒತ್ತಿ ಹಿಡಿಯಬೇಕಾಗುತ್ತದೆ. ಗಾಳಿ ಇನ್ನೂ ಜೋರಾದರೆ ಫ್ಲೋಟಿನ ಮೂತಿಯೇ ನೀರೊಳಗೆ ನುಗ್ಗುತ್ತದೆ. ನೀವು ಗಾಳಿ ಬರುವ ಬದಿಗೆ ಅರ್ಧ ಮೀಟರ್ ಸರಿದು ಕೂತರೆ ಇದೆಲ್ಲ ತಪ್ಪುತ್ತದೆ. ದೋಣಿ ಸಮತಟ್ಟಾಗಿ ಓಡುತ್ತದೆ, ಎರಡೂ ಫ್ಲೋಟುಗಳು ನೀರನ್ನು ಸವರುತ್ತ ಹೋಗುತ್ತವೆ.

ಇದು ಏತದ ಲೆಕ್ಕ. ಭಾರವನ್ನು ದೂರದಿಂದ ಗುಣಿಸಬೇಕು, ಅಷ್ಟೇ. 70 ಕಿಲೋ ತೂಕದ ಮನುಷ್ಯ ದೋಣಿಯ ನಡುಗೆರೆಯಿಂದ ಅರ್ಧ ಮೀಟರ್ ಹೊರಗೆ ಕೂತರೆ 35. ಈಗ ಎದುರಿನ ಬಲ ನೋಡ್ರಿ. 4 ಚದರ ಮೀಟರ್ ಹಾಯಿ, ಗಂಟೆಗೆ 22 ಕಿಮೀ ಗಾಳಿ ಇದ್ದಾಗ ಹಾಯಿಯ ಮೇಲೆ ಬೀಳುವ ಒತ್ತಡ ಸುಮಾರು 10 ಕಿಲೋ. ಹಾಯಿಯ ನಡುಭಾಗಕ್ಕೂ ನೀರಿನ ಕೆಳಗೆ ದೋಣಿ ಹಿಡಿತ ಪಡೆಯುವ ಜಾಗಕ್ಕೂ ಇರುವ ಎತ್ತರ ಸುಮಾರು 2 ಮೀಟರ್. ಗುಣಿಸಿದರೆ 20. ಅಂದರೆ ಈ ಗಾಳಿಗೆ ನೀವು ಪೂರ್ತಿ ಹೊರಗೆ ಹೋಗಬೇಕಿಲ್ಲ, 30 ಸೆಂಮೀ ಸರಿದರೆ ಸಾಕು. ಆದರೆ ಗಾಳಿಯ ಒತ್ತಡ ಏರುವುದು ವೇಗದ ವರ್ಗದ ಪ್ರಮಾಣದಲ್ಲಿ. ಗಾಳಿ 22ರಿಂದ 29ಕ್ಕೆ ಹೋದರೆ 20 ಇದ್ದದ್ದು 35 ಆಗುತ್ತದೆ, ನಿಮ್ಮ ಪೂರ್ತಿ ಭಾರ ಅಲ್ಲಿಗೆ ಖರ್ಚು. 44ಕ್ಕೆ ಹೋದರೆ 80. ಆ ಗಾಳಿಗೆ ಯಾವ ಸೀಟೂ ಉತ್ತರವಲ್ಲ, ಹಾಯಿ ಇಳಿಸುವುದೊಂದೇ ದಾರಿ.

ಇಲ್ಲಿಯವರೆಗಿನ ಲೆಕ್ಕ ಎಲ್ಲರೂ ಮಾಡುತ್ತಾರೆ. ಬಿಟ್ಟುಹೋಗುವುದು ಮುಂದಿನ ಲೆಕ್ಕ. ನೀವು ಹೊರಗೆ ಕೂತಿದ್ದೀರಿ, ಗಾಳಿ ತಟ್ಟನೆ ನಿಂತಿತು. ಹಾಯಿಯ 35 ಮಾಯವಾಯಿತು, ನಿಮ್ಮ 35 ಹಾಗೇ ಉಳಿಯಿತು. ಈಗ ನೀವು ಕೂತ ಬದಿಯ ಫ್ಲೋಟೇ ಆ ಭಾರವನ್ನು ಒಂದೇ ಕ್ಷಣದಲ್ಲಿ ಹೊರಬೇಕು. ಸಮುದ್ರದ ಗಾಳಿ ಒಂದೇ ಹದದಲ್ಲಿ ಬೀಸಬಹುದು. ನಮ್ಮ ಜಲಾಶಯಗಳ ಮೇಲೆ ಹಾಗಲ್ಲ. ನವಿಲುತೀರ್ಥದ ಹತ್ತಿರ ಮಲಪ್ರಭೆ ಗುಡ್ಡ ಸೀಳಿಕೊಂಡು ಬರುವ ಜಾಗ ನೋಡಿದವರಿಗೆ, ಹಿಡಕಲ್ಲಿನ ಗುಡ್ಡದ ಸಾಲು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗುಡ್ಡದ ಮರೆಗೆ ಬಂದೊಡನೆ ಗಾಳಿ ಸತ್ತುಹೋಗುತ್ತದೆ, ಮರೆ ದಾಟಿದೊಡನೆ ಮತ್ತೆ ಅಪ್ಪಳಿಸುತ್ತದೆ. ಅದಕ್ಕೇ ನಾನು ಒತ್ತಿ ಹೇಳುವ ಮಾತು ಒಂದೇ: ಸೀಟು ಕಟ್ಟುವಾಗ ಬೀಸುವ ಗಾಳಿಯ ಲೆಕ್ಕ ಹಿಡಿಯಬೇಡಿ, ನಿಲ್ಲುವ ಗಾಳಿಯ ಲೆಕ್ಕ ಹಿಡಿಯಿರಿ. ಹಾಗಾಗಿ ಸೀಟಿನ ಕೆಲಸ ಫ್ಲೋಟಿನಿಂದ ಶುರುವಾಗುತ್ತದೆ.

ನಮ್ಮ ಕಡೆ ಫ್ಲೋಟಿಗೆ ಸುಲಭವಾಗಿ ಸಿಗುವ ಸಾಮಾನು ಪಿವಿಸಿ ಪೈಪು. ಮುಧೋಳ, ಜಮಖಂಡಿ, ಬೀಳಗಿ, ಎಲ್ಲಿ ಹೋದರೂ ಕಬ್ಬಿನ ಹೊಲಕ್ಕೆ ನೀರು ಒಯ್ಯುವ ಪೈಪಿನ ಅಂಗಡಿ ಇದ್ದೇ ಇರುತ್ತದೆ. ಬಹಳ ಮಂದಿ ತರುವುದು 160 ಮಿಮೀ ಪೈಪು. 1.8 ಮೀಟರ್ ಉದ್ದದ ಆ ಪೈಪು ಪೂರ್ತಿ ಮುಳುಗಿದರೆ ಸರಿಸುವ ನೀರು 36 ಲೀಟರ್. ಪೈಪು, ಮುಚ್ಚಳ ಸೇರಿ 6 ಕಿಲೋ ತೂಕ ಕಳೆದರೆ ಉಳಿಯುವ ತೇಲುಬಲ 30 ಕಿಲೋ. ನಿಮ್ಮ 35ನ್ನು ನಡುಗೆರೆಯಿಂದ ಫ್ಲೋಟಿಗಿರುವ ದೂರ 1.1 ಮೀಟರಿನಿಂದ ಭಾಗಿಸಿ: 32 ಕಿಲೋ. ಇರುವುದು 30, ಬೇಕಾದದ್ದು 32. ಗಾಳಿ ನಿಂತ ಕೂಡಲೇ ಫ್ಲೋಟ್ ಪೂರ್ತಿ ಮುಳುಗುತ್ತದೆ, ಅದರ ಹಿಂದೆ ನೀವು. ಅದೇ ಉದ್ದದ 200 ಮಿಮೀ ಪೈಪು ತಂದರೆ 56 ಲೀಟರ್, 8-9 ಕಿಲೋ ಸ್ವಂತ ತೂಕ ಕಳೆದು 48 ಕಿಲೋ ಉಳಿಯುತ್ತದೆ. ಮೂರರಲ್ಲಿ ಎರಡು ಪಾಲು ಮಾತ್ರ ಬಳಕೆಯಾಗಿ ಒಂದು ಪಾಲು ಕೈಯಲ್ಲಿರುತ್ತದೆ. 85 ಕಿಲೋ ಮನುಷ್ಯನಿಗೂ ಇದು ತಡೆಯುತ್ತದೆ. ಆದ್ದರಿಂದ ಹೊರಗೆ ಕೂಡ್ರುವ ಆಲೋಚನೆ ಇದ್ದರೆ 200ಕ್ಕಿಂತ ಕಡಿಮೆ ಪೈಪು ಬೇಡ.

ಆದರೆ ಇನ್ನೊಂದು ಲೆಕ್ಕವನ್ನೂ ನೆನಪಿಡಿ. ಸೀಟಿನ ಹೊರ ಅಂಚು ನಡುಗೆರೆಯಿಂದ 80 ಸೆಂಮೀ ದೂರ ಇರುತ್ತದೆ ಅನ್ನಿ. ಅದರ ಮೇಲೆ 70 ಕಿಲೋ ಮನುಷ್ಯ ಎದ್ದು ನಿಂತರೆ ಫ್ಲೋಟಿನ ಮೇಲೆ 51 ಕಿಲೋ. 200ರ ಪೈಪೂ ಮುಳುಗಿತು. ಆ ಅಂಚು ಕಾಲಿಡುವ ಜಾಗವಲ್ಲ. ಹರಗೋಲಿನಲ್ಲಿ ಯಾರಾದರೂ ಎದ್ದುನಿಂತರೆ ಉಳಿದವರೆಲ್ಲ ‘ಕೂಡ್ರಿ, ಕೂಡ್ರಿ’ ಎಂದು ಕೂಗುತ್ತಾರಲ್ಲ, ಆ ಶಿಸ್ತು ಇಲ್ಲಿಗೂ ಬೇಕು.

ಫ್ಲೋಟಿನ ಮೂತಿಗೆ ಚಪ್ಪಟೆ ಮುಚ್ಚಳ ಹಾಕಿದರೆ ಅದು ನೀರನ್ನು ಗುದ್ದುತ್ತದೆ. ಮುಂದುಗಡೆ 45 ಡಿಗ್ರಿ ಬೆಂಡ್ ಮೇಲ್ಮುಖವಾಗಿ ಅಂಟಿಸಿ, ಅದರ ತುದಿಗೆ ಮುಚ್ಚಳ ಹಾಕಿ. ಜೋಡಿಸುವಾಗ ಫ್ಲೋಟಿನ ಮೂತಿ ಬಾಲಕ್ಕಿಂತ 3 ಸೆಂಮೀ ಎತ್ತರದಲ್ಲಿರಲಿ. ಅಂಟು ಹಚ್ಚುವ ಮುನ್ನ ಎರಡೂ ಮೈಗಳನ್ನು ಮರಳು ಕಾಗದದಿಂದ ತಿಕ್ಕಿ ಒರೆಸಬೇಕು. ಸಾಲ್ವೆಂಟ್ (ಪಿವಿಸಿ ಅಂಟು) ಹಚ್ಚಿ ಕಾಲು ಸುತ್ತು ತಿರುವಿ ಕೂರಿಸಿ, ಅರ್ಧ ನಿಮಿಷ ಒತ್ತಿ ಹಿಡಿಯಿರಿ; ಒಂದು ದಿನ ನೀರಿಗೆ ಇಳಿಸಬೇಡಿ. ಒಳಗೆ ಬಿಗಿಯಾಗಿ ಮುಚ್ಚಿದ ಖಾಲಿ ನೀರಿನ ಬಾಟಲಿಗಳನ್ನು ತುಂಬಿ. ಪೈಪು ಕಲ್ಲಿಗೆ ತಾಗಿ ಸೀಳಿದರೂ ಬಾಟಲಿಗಳು ತೇಲಿಸಿಕೊಂಡಿರುತ್ತವೆ.

ನಮ್ಮ ಬಿಸಿಲಿಗೇ ಸಂಬಂಧಿಸಿದ ಒಂದು ತೊಂದರೆ ಇದೆ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮುಂಜಾನೆ 27 ಡಿಗ್ರಿ ಇದ್ದಾಗ ಮುಚ್ಚಿದ ಫ್ಲೋಟ್ ದಂಡೆಯ ಬಿಸಿಲಲ್ಲಿ ಬಿದ್ದು ಒಳಗಿನ ಗಾಳಿ 60 ಡಿಗ್ರಿಗೆ ಏರಿತು ಅನ್ನಿ. ಒತ್ತಡ ನೂರಕ್ಕೆ 11ರಷ್ಟು ಹೆಚ್ಚುತ್ತದೆ. 200 ಮಿಮೀ ಮುಚ್ಚಳದ ಮೇಲೆ ಅದು ಸುಮಾರು 35 ಕಿಲೋ ತಳ್ಳು. ದಿನವೂ ಇಷ್ಟು ತಳ್ಳಿಸಿಕೊಂಡ ಅಂಟು ಎಲ್ಲೋ ಕೂದಲೆಳೆಯಷ್ಟು ಬಿಡುತ್ತದೆ. ಅದೇ ಕಾದ ಫ್ಲೋಟನ್ನು ತಣ್ಣನೆ ನೀರಿಗೆ ಇಳಿಸಿದಾಗ ಒಳಗಿನ ಗಾಳಿ ಕುಗ್ಗಿ, ಆ ಕೂದಲೆಳೆ ಬಿರುಕಿನಿಂದ ನೀರನ್ನು ಹೀರಿಕೊಳ್ಳುತ್ತದೆ. ‘ಎಲ್ಲೂ ತೂತಿಲ್ಲ, ಆದರೂ ನೀರು ಬರುತ್ತದೆ’ ಎನ್ನುವ ದೂರಿನ ಮೂಲ ಬಹುಮಟ್ಟಿಗೆ ಇದೇ. ಪರಿಹಾರ ಸಣ್ಣದು: ಫ್ಲೋಟಿನ ಮೇಲ್ಭಾಗದಲ್ಲಿ ರಬ್ಬರ್ ವಾಷರ್ ಇರುವ ಒಂದು ತಿರುಪು ಬಿರಡೆ. ದಂಡೆಯಲ್ಲಿ ಬಿಚ್ಚಿಡಿ, ನೀರಿಗೆ ಇಳಿಯುವಾಗ ಬಿಗಿಯಿರಿ. ಪೈಪಿಗೆ ಬಿಳಿ ಬಣ್ಣ ಬಳಿದರೆ ಕಾಯುವುದೂ ಕಡಿಮೆ, ಬಿಸಿಲಿಗೆ ಪಿವಿಸಿ ಪೆಡಸಾಗುವುದೂ ತಡವಾಗುತ್ತದೆ.

ಇನ್ನು ಅಡ್ಡ ಪೈಪುಗಳು. ಕಯಾಕಿನ ಅಗಲ 75 ಸೆಂಮೀ ಎಂದು ಹಿಡಿದು ಹೇಳುತ್ತಿದ್ದೇನೆ. 2.4 ಮೀಟರ್ ಉದ್ದದ ಎರಡು ಅಲ್ಯೂಮಿನಿಯಂ ಪೈಪು, ಹೊರ ವ್ಯಾಸ 50 ಮಿಮೀ, ದಪ್ಪ 3 ಮಿಮೀ. ಒಂದೊಂದೂ 3 ಕಿಲೋ ಒಳಗೆ ಬರುತ್ತದೆ. ಕಿಟಕಿ ಮಾಡುವವರ ಹತ್ತಿರ ಸಿಗುವ ಒಂದು-ಒಂದೂಕಾಲು ಮಿಮೀ ದಪ್ಪದ ಪೈಪು ನೋಡಲು ಹೀಗೇ ಇರುತ್ತದೆ, ಭಾರ ಬಿದ್ದಾಗ ಮಾತ್ರ ಡಬ್ಬಿಯಂತೆ ನುಗ್ಗಾಗುತ್ತದೆ. ಒಂದೂವರೆ ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಗಟ್ಟಿ. ಆದರೆ ಒಂದೊಂದೂ 8 ಕಿಲೋ ದಾಟುತ್ತದೆ, ಕಯಾಕಿನ ಭಾರ ಹೊರುವ ಶಕ್ತಿಯನ್ನು ಅದೇ ತಿಂದುಹಾಕುತ್ತದೆ. ಗಟ್ಟಿ ಬಿದಿರು ಒಳ್ಳೆಯದೇ, ಹಗ್ಗದಿಂದ ಬಿಗಿದರೆ. ತೂತು ಕೊರೆದರೆ ಸೀಳುತ್ತದೆ.

ತೂತಿನ ಮಾತು ಬಂತು. ಅಡ್ಡ ಪೈಪಿಗೆ ಅತಿ ಹೆಚ್ಚು ಬಾಗುವಿಕೆ ಬೀಳುವ ಜಾಗ ಕಯಾಕಿನ ಅಂಚು, ಅಂದರೆ ಪೈಪು ದೋಣಿಯನ್ನು ಬಿಟ್ಟು ಹೊರಗೆ ಚಾಚುವ ಗೆರೆ. ಬೋಲ್ಟ್ ಹಾಕಲು ಅನುಕೂಲ ಎಂದು ಎಲ್ಲರ ಕೈ ಹೋಗುವುದೂ ಅಲ್ಲಿಗೇ. ಆ ಗೆರೆಯಿಂದ ಒಂದು ಗೇಣು ಆಚೆ, ಒಂದು ಗೇಣು ಈಚೆ ಯಾವ ತೂತೂ ಬೇಡ. ಪೈಪು ಮುರಿಯುವುದಿದ್ದರೆ ಆ ತೂತಿನಲ್ಲೇ ಮುರಿಯುತ್ತದೆ, ಅದೂ ಗಾಳಿ ಜೋರಾಗಿರುವ ದಿನವೇ.

ಕಯಾಕಿಗೆ ಪೈಪನ್ನು ಹಿಡಿಸುವುದು ಹೇಗೆ? ಸಾಮಾನ್ಯ ಕಯಾಕುಗಳು ಪಾಲಿಥೀನ್ ಪ್ಲಾಸ್ಟಿಕ್ಕಿನವು. ಅದಕ್ಕೆ ಯಾವ ಅಂಟೂ ನಂಬುವ ಹಾಗೆ ಹಿಡಿಯುವುದಿಲ್ಲ, ಸಿಲಿಕೋನ್ ಕೂಡ ಸುಲಿದು ಬರುತ್ತದೆ. ಮೇಲೆ ಕೂಡ್ರುವ ಬಗೆಯ ಕಯಾಕಿನಲ್ಲಿ ನೀರು ಇಳಿದುಹೋಗಲು ತಳದವರೆಗೆ ತೂತುಗಳಿರುತ್ತವೆ. ಅವುಗಳ ಮೂಲಕ ಬೆಲ್ಟ್ ಹಾಯಿಸಿ ಪೈಪನ್ನು ಬಿಗಿಯುವುದು ಎಲ್ಲಕ್ಕಿಂತ ವಾಸಿ. ಪೈಪಿನ ಕೆಳಗೆ ಹಳೆಯ ಲಾರಿ ಟ್ಯೂಬಿನ ರಬ್ಬರನ್ನು ನಾಲ್ಕು ಪದರ ಮಡಚಿ ಇಡಿ. ಬೆಲ್ಟ್ ಹಲ್ಲಿನ ಬಕಲಿನದಾಗಿರಲಿ. ಲಾರಿಯವರು ಸರಕು ಬಿಗಿಯುವ ಗಿರಕಿ ಬೆಲ್ಟು ಬೇಡ. ಅದರ ಬಲಕ್ಕೆ ಕಯಾಕಿನ ಬೆನ್ನು ಒಳಗೆ ಹೋಗುತ್ತದೆ, ಕಾದ ಪ್ಲಾಸ್ಟಿಕ್ ಹಾಗೇ ಉಳಿದುಬಿಡುತ್ತದೆ. ಬೋಲ್ಟೇ ಬೇಕೆಂದರೆ ಒಳಗಿನಿಂದ ಅಂಗೈ ಅಗಲದ ತಗಡು ಕೊಟ್ಟು, ರಬ್ಬರ್ ವಾಷರ್ ಇಟ್ಟು, ಸ್ಟೇನ್‌ಲೆಸ್ ಬೋಲ್ಟಿಗೆ ನೈಲಾಕ್ ನಟ್ (ಸಡಿಲಾಗದಂತೆ ಒಳಗೆ ನೈಲಾನ್ ಉಂಗುರ ಇರುವ ನಟ್) ಹಾಕಿ. ಹೇಗೇ ಹಿಡಿಸಿದರೂ ನೀರಿಗಿಳಿದು ಅರ್ಧ ಗಂಟೆಯಾದ ಮೇಲೆ ಒಮ್ಮೆ ದಂಡೆಗೆ ಬಂದು ಬೆಲ್ಟ್ ಮತ್ತೆ ಎಳೆಯಿರಿ. ದಂಡೆಯಲ್ಲಿ ಕಾದು ಹಿಗ್ಗಿದ್ದ ಪ್ಲಾಸ್ಟಿಕ್ ನೀರಲ್ಲಿ ಕುಗ್ಗುತ್ತದೆ, ಬಿಗಿದದ್ದು ಸಡಿಲಾಗುತ್ತದೆ.

ಎರಡು ಅಡ್ಡ ಪೈಪುಗಳ ನಡುವಿನ ಅಂತರ 90 ಸೆಂಮೀ. ಈ ಚೌಕಟ್ಟು ನೀರಿನ ಎಳೆತಕ್ಕೆ ಓರೆಯಾಗಿ ಹಿಂದಕ್ಕೆ ವಾಲುತ್ತದೆ. ಅದನ್ನು ತಡೆಯಲು ಪ್ರತಿ ಬದಿಗೂ 5 ಮಿಮೀ ಪಾಲಿಯೆಸ್ಟರ್ ಹಗ್ಗವನ್ನು ಕತ್ತರಿಯಂತೆ ಕಟ್ಟಬೇಕು. ಇದನ್ನು ಬಿಟ್ಟವರು ಫ್ಲೋಟು ಸೊಟ್ಟಗಾಗಿ ದೋಣಿ ಒಂದೇ ಕಡೆ ತಿರುಗುತ್ತದೆ ಎಂದು ಚುಕ್ಕಾಣಿಯನ್ನು ದೂರುತ್ತಾರೆ.

ಈಗ ಸೀಟು. ಇದಕ್ಕೆ ನಮ್ಮ ಮನೆಯ ಹೊರಸಿಗಿಂತ (ನವಾರು ನೇಯ್ದ ಮಂಚ) ಒಳ್ಳೆಯ ಮಾದರಿ ಇಲ್ಲ. ಹಲಗೆ ಹಾಕುವವರಿದ್ದಾರೆ, ಬೇಡ. ಫ್ಲೋಟ್ ಇಳಿದು ಹಲಗೆಯ ಅಂಚು ನೀರಿಗೆ ತಾಗಿದರೆ ಅದು ಬ್ರೇಕ್ ಹಾಕಿದಂತೆ ದೋಣಿಯನ್ನು ಆ ಬದಿಗೆ ತಿರುಗಿಸುತ್ತದೆ. ಕೆಳಗಿನಿಂದ ಅಲೆ ಬಡಿದರೆ ಇಡೀ ಚೌಕಟ್ಟಿಗೆ ಪೆಟ್ಟು. ನೇಯ್ದ ಸೀಟಿನಲ್ಲಿ ನೀರು ಹಾಯ್ದುಹೋಗುತ್ತದೆ, ಗಾಳಿ ಆಡುತ್ತದೆ, ತೂಕವೂ ಮೂರು-ನಾಲ್ಕು ಕಿಲೋ ದಾಟುವುದಿಲ್ಲ.

ಒಂದು ಸೀಟಿಗೆ ಬೇಕಾದದ್ದು: 1 ಮೀಟರ್ ಉದ್ದದ ಎರಡು ಅಲ್ಯೂಮಿನಿಯಂ ಪೈಪು, 38 ಮಿಮೀ ವ್ಯಾಸ, 3 ಮಿಮೀ ದಪ್ಪ. ಇವು ಎರಡು ಅಡ್ಡ ಪೈಪುಗಳ ಮೇಲೆ ದೋಣಿಯ ಉದ್ದಕ್ಕೆ ಮಲಗುತ್ತವೆ. ಒಳಗಿನದು ನಡುಗೆರೆಯಿಂದ 42 ಸೆಂಮೀಗೆ, ಹೊರಗಿನದು 80ಕ್ಕೆ. ಹೊರಗಿನ ಪೈಪಿನ ಕೆಳಗೆ ಗಟ್ಟಿ ರಬ್ಬರ್ ತುಂಡು ಕೊಟ್ಟು ಅದನ್ನು 3 ಸೆಂಮೀ ಎತ್ತರಿಸಿ. ಗಾಳಿ ನಿಂತು ಈ ಬದಿ ಇಳಿದಾಗ ಮೈ ಹೊರಕ್ಕೆ ಜಾರದಂತೆ ತಡೆಯುವುದು ಈ 3 ಸೆಂಮೀ. ನಡುವೆ ನೇಯಲು 50 ಮಿಮೀ ಅಗಲದ ನವಾರು, ಸುಮಾರು 20 ಮೀಟರ್. ಹೊರಸಿನ ಹತ್ತಿ ನವಾರು ನೀರು ಕುಡಿದು ಜೋತು ಬೀಳುತ್ತದೆ, ಒಂದು ಮಳೆಗಾಲಕ್ಕೆ ಕೊಳೆಯುತ್ತದೆ. ನೈಲಾನ್ ಗಟ್ಟಿ ಇದ್ದರೂ ಒದ್ದೆಯಾದಾಗ ಹಿಗ್ಗುತ್ತದೆ. ಪಾಲಿಪ್ರೊಪಿಲೀನ್ ಬಿಸಿಲಿಗೆ ಪುಡಿಯಾಗುತ್ತದೆ. ಪಾಲಿಯೆಸ್ಟರ್ ತನ್ನಿ.

ನೇಯುವ ಕ್ರಮ ಹೊರಸಿನದೇ. ಮೊದಲು ಅಗಲಕ್ಕೆ ಸುತ್ತಿ: ಒಂದು ಪೈಪಿನ ಮೇಲಿಂದ ಹೋಗಿ, ಇನ್ನೊಂದರ ಕೆಳಗಿನಿಂದ ಬಂದು, ಹನ್ನೆರಡು ಸುತ್ತು. ಪ್ರತಿ ಸುತ್ತನ್ನೂ ಪಾದದಿಂದ ಒತ್ತಿ ಎಳೆದು ಬಿಗಿಯಬೇಕು. ಆಮೇಲೆ ಉದ್ದಕ್ಕೆ ಆರು ಸಾಲು, ಒಂದು ಬಿಟ್ಟು ಒಂದರ ಕೆಳಗೆ ತೂರಿಸುತ್ತ. ತುದಿಯನ್ನು ಮೇಣದಬತ್ತಿಯ ಉರಿಗೆ ಹಿಡಿದು ಕರಗಿಸಿ, ಮಡಚಿ, ಚಪ್ಪಲಿ ಹೊಲಿಯುವವರ ಹತ್ತಿರ ದಪ್ಪ ದಾರದಲ್ಲಿ ಚೌಕ ಹಾಕಿ ನಡುವೆ ಅಡ್ಡಗೆರೆ ಹೊಲಿಸಿ. ಗಂಟು ಹಾಕಿದರೆ ಅದರ ಮೇಲೇ ಕೂಡ್ರಬೇಕಾದೀತು. ನೇಯ್ಗೆ ಬಿಗಿಯಾದಷ್ಟೂ ಎರಡು ಪೈಪುಗಳು ಒಳಕ್ಕೆ ಬಾಗಲು ನೋಡುತ್ತವೆ. ಹಳೆ ಹೊರಸಿನ ಉದ್ದದ ಕಟ್ಟಿಗೆಗಳು ನಡುವೆ ಸೊಂಟ ಹಿಡಿದಂತೆ ಬಾಗಿರುವುದನ್ನು ನೀವು ನೋಡಿರಬಹುದು. ಆದ್ದರಿಂದ ತುದಿಗಳಿಂದ 20 ಸೆಂಮೀ ಒಳಗೆ ಎರಡು ಅಡ್ಡಪಟ್ಟಿ ಕೊಡಬೇಕು. ನಡುವೆ ಕೊಡಬೇಡಿ, ನವಾರು ತಗ್ಗಿದಾಗ ಬೆನ್ನೆಲುಬಿನ ಬುಡಕ್ಕೆ ಬಡಿಯುತ್ತದೆ.

ಇಲ್ಲಿ ಮುಖ ಮಾಡುವುದು ದೋಣಿಯ ಒಳಕ್ಕೆ, ಕಾಲು ಇಳಿಬಿಡುವುದು ಕಯಾಕಿನೊಳಗೆ. ಇದೂ ಲೆಕ್ಕಕ್ಕೆ ಬರುತ್ತದೆ. ಮೈತೂಕದಲ್ಲಿ ಮೂರರಲ್ಲೊಂದು ಪಾಲು ಕಾಲುಗಳದು. ಕುಂಡೆ 60 ಸೆಂಮೀ ದೂರದಲ್ಲಿದ್ದರೂ ಕಾಲು ಒಳಗಿರುವುದರಿಂದ ಒಟ್ಟು ಭಾರ ಬೀಳುವುದು ಸುಮಾರು 50ರ ಹತ್ತಿರ. ಆರಂಭದಲ್ಲಿ ಅರ್ಧ ಮೀಟರ್ ಎಂದದ್ದು ಇದನ್ನೇ.

ಸೀಟು ಮುಂದಿರಬೇಕೋ ಹಿಂದಿರಬೇಕೋ? ಚಕ್ಕಡಿಗೆ ಹೇರು ಹಾಕುವವರಿಗೆ ಇದು ಗೊತ್ತು. ಭಾರ ಮುಂದಾದರೆ ನೊಗ ಎತ್ತಿನ ಹೆಗಲು ಅದುಮುತ್ತದೆ, ಹಿಂದಾದರೆ ಮೇಲೇಳುತ್ತದೆ. ಕಯಾಕಿನ ಮೂಲ ಸೀಟಿನ ಸಾಲಿನಲ್ಲೇ ಇಡಿ, ಬೇಕಾದರೆ 10-15 ಸೆಂಮೀ ಹಿಂದೆ. ಮುಂದೆ ಮಾತ್ರ ಬೇಡ. ಹಾಯಿ ಮೊದಲೇ ಮೂತಿಯನ್ನು ಕೆಳಕ್ಕೆ ಒತ್ತುತ್ತಿರುತ್ತದೆ.

ಒಂದು ತೊಡಕು ಉಳಿಯಿತು. ಸೀಟು ಇರುವ ಜಾಗವೇ ಹುಟ್ಟು ನೀರಿಗಿಳಿಯುವ ಜಾಗ. ಗಾಳಿ ನಿಂತರೆ ಹುಟ್ಟು ಹಾಕಲೇಬೇಕು, ಸೀಟು ಅಡ್ಡ ಬರುತ್ತದೆ. ಸೀಟನ್ನು ಬೋಲ್ಟ್ ಹಾಕಿ ಕಾಯಂ ಮಾಡದೆ, ಅಡ್ಡ ಪೈಪಿಗೆ ಹಿಡಿಸಿದ ಹಿಡಿಕೆಗಳಲ್ಲಿ ಕೂರಿಸಿ ಟ್ರ್ಯಾಕ್ಟರಿನ ಲಿಂಚ್ ಪಿನ್ನಿನಿಂದ (ಬಳೆಯಿಂದ ಕಚ್ಚಿಕೊಂಡು ನಿಲ್ಲುವ ಪಿನ್ನು) ಬಂಧಿಸಿ. ನಾಲ್ಕು ಪಿನ್ನು, ಪ್ರತಿಯೊಂದಕ್ಕೂ ಒಂದು ದಾರ; ನೀರಿಗೆ ಬಿದ್ದ ಪಿನ್ನು ಎರೆಮಣ್ಣಿನ ಕೆಸರಲ್ಲಿ ಮತ್ತೆ ಸಿಗುವುದಿಲ್ಲ. ಪಿನ್ನು ತೆಗೆದರೆ ಸೀಟು ಬಿಚ್ಚಿ ಹಿಂದೆ ಕಟ್ಟಿಕೊಳ್ಳಬಹುದು.

ಹೊರಗೆ ಕೂತವರಿಗೆ ಕಾಲಿನ ಚುಕ್ಕಾಣಿ ಪೆಡಲು ಎಟುಕುವುದಿಲ್ಲ. ಚುಕ್ಕಾಣಿಯ ಹಿಡಿಗೆ 90 ಸೆಂಮೀ ಉದ್ದದ ಕೋಲನ್ನು ಎಲ್ಲಾ ಕಡೆ ತಿರುಗುವಂತೆ ರಬ್ಬರ್ ಕೀಲಿನಿಂದ ಜೋಡಿಸಿ. ಹಾಯಿಯ ಹಗ್ಗ ಇನ್ನೊಂದು ಕೈಯಲ್ಲಿ, ಕಟ್ಟಿಡಕೂಡದು. ಗಾಳಿ ಅಪ್ಪಳಿಸಿದಾಗ ಮೊದಲು ಹಗ್ಗ ಸಡಿಲ ಬಿಡಬೇಕು, ಮೈ ವಾಲಿಸುವುದು ಆಮೇಲೆ.

ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ಇದೇನೂ ಹೊಸ ವಿದ್ಯೆಯಲ್ಲ. ಪೆಸಿಫಿಕ್ ಸಾಗರದ ಮೈಕ್ರೊನೇಷಿಯಾ ದ್ವೀಪಗಳ ಹಾಯಿದೋಣಿಗಳಿಗೆ ಒಂದೇ ಫ್ಲೋಟ್. ಅದು ಯಾವಾಗಲೂ ಗಾಳಿ ಬರುವ ಬದಿಗೇ ಇರುವಂತೆ ದೋಣಿ ನಡೆಸುತ್ತಾರೆ, ಗಾಳಿ ಏರಿದರೆ ಜನ ಫ್ಲೋಟಿನ ಕಡೆ ಸರಿಯುತ್ತಾರೆ. ನಮಗೆ ಇನ್ನೂ ಹತ್ತಿರ, ಮಾಲವಣದ ಕರಾವಳಿಯಲ್ಲಿ ಇಂಥ ಪಕ್ಕದ ತೇಲುಮರಕ್ಕೆ ಉಲಾಂಡಿ ಎಂಬ ಮರಾಠಿ ಹೆಸರೇ ಇದೆ. ಬೆಳಗಾವಿಯಿಂದ ಘಟ್ಟ ಇಳಿದವರು ಒಮ್ಮೆ ಆ ದೋಣಿಗಳ ಹಗ್ಗದ ಬಿಗಿತವನ್ನು ಹತ್ತಿರದಿಂದ ನೋಡಿ ಬನ್ನಿ. ಒಂದು ಬೋಲ್ಟೂ ಇಲ್ಲದೆ ಮರಕ್ಕೆ ಮರ ಹಿಡಿದಿರುವ ರೀತಿಯಲ್ಲಿ ಕಲಿಯುವುದು ಬಹಳ ಇದೆ.

ಪರೀಕ್ಷೆಗೆ ಬರೋಣ. ಹಾಯಿ ಏರಿಸುವ ಮೊದಲು ಸೊಂಟದ ಮಟ್ಟದ ನೀರಿನಲ್ಲಿ ದೋಣಿ ನಿಲ್ಲಿಸಿ. 20 ಲೀಟರಿನ ನೀರಿನ ಕ್ಯಾನು ತುಂಬಿದರೆ 20 ಕಿಲೋ. ಒಂದೊಂದಾಗಿ ಸೀಟಿನ ನಡುವೆ ಇಡಿ, ಮೂರರ ತನಕ. ಕ್ಯಾನುಗಳಿಗೆ ಒಳಗಿಡಲು ಕಾಲಿಲ್ಲ, ಪೂರ್ತಿ ಭಾರ 60 ಸೆಂಮೀಯಲ್ಲೇ ಬೀಳುತ್ತದೆ. ಹಾಗಾಗಿ ಮೂರು ಕ್ಯಾನು 70 ಕಿಲೋ ಮನುಷ್ಯನಿಗೆ ಸಮ. ಪ್ರತಿ ಕ್ಯಾನಿಗೂ ಫ್ಲೋಟಿನ ಮೇಲೆ ನೀರಿನ ಗೆರೆಯನ್ನು ಮಾರ್ಕರಿನಿಂದ ಗುರುತಿಸಿ. ಮೂರನೆಯದಕ್ಕೆ ಪೈಪಿನ ಎತ್ತರದ ಮುಕ್ಕಾಲಿಗಿಂತ ಹೆಚ್ಚು ಮುಳುಗಿದರೆ ಸೀಟನ್ನು ಒಳಕ್ಕೆ ತರಬೇಕು, ಇಲ್ಲವೇ ಫ್ಲೋಟ್ ಉದ್ದವಾಗಬೇಕು. ನಾಲ್ಕನೆಯದನ್ನು ಇಟ್ಟು ದೋಣಿಯನ್ನು ಕೈಯಿಂದ ಕುಲುಕಿ, ಪಿನ್ನು, ಬೆಲ್ಟು, ಕತ್ತರಿ ಹಗ್ಗ ಎಲ್ಲಿ ಕಿರುಗುಟ್ಟುತ್ತದೆ ಕೇಳಿ.

ಮಗುಚಿದರೆ ಏನು ಎಂಬುದನ್ನೂ ಇಲ್ಲೇ ಕಲಿಯಬೇಕು. ಎರಡು ಫ್ಲೋಟಿನ ದೋಣಿ ತಲೆಕೆಳಗಾದರೆ ಹಾಗೇ ಸ್ಥಿರವಾಗಿ ನಿಲ್ಲುತ್ತದೆ, ಬರಿ ಕಯಾಕಿನಂತೆ ತಿರುವಿ ಹಾಕಲು ಬರುವುದಿಲ್ಲ. ಒಂದು ಬದಿಯ ಫ್ಲೋಟನ್ನು ಅಡ್ಡ ಪೈಪಿನಿಂದ ಬಿಚ್ಚಿ, ಆ ಬದಿಯನ್ನು ನೀರಿಗೆ ಅದುಮುತ್ತ ಇನ್ನೊಂದು ಬದಿಯನ್ನು ಎತ್ತಿ ತಿರುಗಿಸಬೇಕು. ಆದ್ದರಿಂದ ಫ್ಲೋಟಿಗೂ ಲಿಂಚ್ ಪಿನ್ನೇ ಇರಲಿ, ಒದ್ದೆ ಕೈಯಲ್ಲಿ ಬಿಚ್ಚಲು ಬರುವಂತೆ. ಲೈಫ್ ಜಾಕೆಟ್ ಹಾಕಿಕೊಂಡು, ಜೊತೆಗೊಬ್ಬರನ್ನು ನಿಲ್ಲಿಸಿಕೊಂಡು ಮಾಡಿ. ಕೃಷ್ಣೆಯಲ್ಲಿ ಮೊಸಳೆಗಳಿವೆ, ಎಲ್ಲಿ ಇಳಿಯಬಹುದು, ಎಲ್ಲಿ ಬಲೆ ಬಿಟ್ಟಿದ್ದಾರೆ ಎಂದು ಅಲ್ಲಿಯ ಮೀನುಗಾರರನ್ನು ಕೇಳಿಯೇ ಇಳಿಯಿರಿ. ಅಣೆಕಟ್ಟಿನ ಹತ್ತಿರದ ನಿಷೇಧಿತ ನೀರಿಗೆ ಹೋಗಲೇಬೇಡಿ.

ಋತುವಿನ ಬಗ್ಗೆ ಎರಡು ಮಾತು. ಆಲಮಟ್ಟಿಯ ಪೂರ್ಣ ಮಟ್ಟ 519.60 ಮೀಟರ್. ತುಂಬಿದಾಗ ನೀರು ಅಗಲ, ಅಡಚಣೆ ಕಡಿಮೆ. ಆದರೆ ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿ ಹೊಸಬರಿಗೆ ಹೆಚ್ಚು. ಬೇಸಿಗೆಯಲ್ಲಿ ಮಟ್ಟ ಇಳಿದಂತೆ ಮುಳುಗಿದ್ದ ಗಿಡದ ಬೊಡ್ಡೆ, ಹಳೆ ಬಾಗಲಕೋಟೆಯ ಕಡೆ ಗೋಡೆಗಳ ಬುಡ ಮೇಲಕ್ಕೆ ಬರುತ್ತವೆ. 2.4 ಮೀಟರ್ ಅಗಲದ ದೋಣಿಗೆ ಇವು ಕಯಾಕಿಗಿಂತ ಮೂರು ಪಟ್ಟು ಹೆಚ್ಚು ಸಿಗುತ್ತವೆ. ಮಳೆ ನಿಂತ ಮೇಲೆ, ನೀರು ಇನ್ನೂ ತುಂಬಿರುವಾಗ ಶುರುಮಾಡುವುದು ಒಳ್ಳೆಯದು. ನೀರಿನ ಮೇಲೆ ಅಲ್ಲಲ್ಲಿ ಬಿಳಿ ನೊರೆ ತಲೆ ಎತ್ತಿತೆಂದರೆ ಗಾಳಿ ಗಂಟೆಗೆ 20 ಕಿಮೀ ಹತ್ತಿರ ಬಂದಿದೆ ಎಂದು ಲೆಕ್ಕ. ಮೊದಲ ಹತ್ತು ಸಲ ಆ ನೊರೆ ಕಂಡ ದಿನ ಹಾಯಿ ಮಡಚಿ, ಹುಟ್ಟಿನಲ್ಲೇ ದಂಡೆಗೆ ಬನ್ನಿ.

ದಂಡೆಗೆ ಬಂದವರು ಮೊದಲು ಮಾಡಬೇಕಾದದ್ದು ಫ್ಲೋಟುಗಳ ಬಿರಡೆ ಬಿಚ್ಚುವುದು. ಆಮೇಲೆ ಬೆಲ್ಟ್ ಸಡಿಲಿಸಿ, ಒಂದೊಂದು ಫ್ಲೋಟನ್ನೂ ಬಾಲದ ಕಡೆಯಿಂದ ಎತ್ತಿ ಕಿವಿಯ ಹತ್ತಿರ ಅಲುಗಾಡಿಸಿ. ಬಾಟಲಿಗಳ ಸದ್ದು ಬರಲಿ. ನೀರಿನ ಸದ್ದು ಬಂದರೆ ಅವತ್ತೇ ಸೋಪಿನ ನೊರೆ ಹಚ್ಚಿ, ಬಿರಡೆಯ ತೂತಿನಿಂದ ಸೈಕಲ್ ಪಂಪಿನಲ್ಲಿ ಮೆಲ್ಲಗೆ ನಾಲ್ಕಾರು ಸಲ ಮಾತ್ರ ಗಾಳಿ ಕೊಟ್ಟು, ಗುಳ್ಳೆ ಏಳುವ ಜಾಗಕ್ಕೆ ಸೀಸದಕಡ್ಡಿಯಿಂದ ಗುರುತು ಹಾಕಿ.